ದಸರಾ ಗೊಂಬೆಯಿಂದ ದೀಪಾವಳಿ ಕಜ್ಜಾಯದವರೆಗೆ: ಫ್ಲಾಟ್‌ನಲ್ಲಿ, ಈ ಥಂಡಿ ಹವೆಯಲ್ಲಿ ಹೇಗೆ?

ಜೆಪಿನಗರ_ಏಳನೇಹಂತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಈ ವರ್ಷ ಗೊಂಬೆ ಕೂರಿಸೋದು, ದೀಪಾವಳಿ ತಿಂಡಿ ಎರಡೂ ನಮ್ಮ ಪಾಲಿಗೆ ಬಂದಿವೆ. ಗೊಂಬೆಗಳು ಟ್ರಂಕ್ ಸಮೇತ ಊರಿಂದ ಬರುತ್ತವೆ: ಪಟ್ಟದ ಗೊಂಬೆ (ಮರದ ರಾಜ-ರಾಣಿ) ಒಂದು ಜೊತೆ, ಮಣ್ಣಿನ ದಶಾವತಾರ, ಶೆಟ್ಟಿ-ಶೆಟ್ಟಮ್ಮ, ಮಿಕ್ಕಿದ್ದೆಲ್ಲ ಚನ್ನಪಟ್ಟಣದ್ದು. ಹಾಲ್‌ನಲ್ಲಿ ಸಿಗುವ ಜಾಗ ನಾಲ್ಕು ಅಡಿ ಅಗಲ, ಐದು ಅಡಿ ಆಳ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ.

ಮೆಟ್ಟಿಲಿನ ಅಳತೆ ಎಷ್ಟಿಟ್ಟರೆ ಸರಿ? ಮಣ್ಣಿನ ಗೊಂಬೆಗಳ ಬಣ್ಣ ಮುಟ್ಟಿದರೆ ಪುಡಿಪುಡಿಯಾಗಿ ಕೈಗೆ ಬರುತ್ತೆ, ಅದಕ್ಕೇನು ಮಾಡಬಹುದು? ಒಂದು ಸಂಜೆ ಸುಮಾರು ನಲವತ್ತು ಮಕ್ಕಳಿಗೆ ಚರ್ಪು (ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ, ನಮ್ಮಲ್ಲಿ ಕಾಳಿನ ಉಸಲಿ) ಕೊಡಬೇಕು, ಕಾಳು ಎಷ್ಟು ನೆನೆಹಾಕಬೇಕು?

ತಿಂಡಿ ವಿಷಯ ಇನ್ನೊಂದು. ಚಕ್ಕುಲಿ ಮೊದಲ ದಿನ ಗರಿಗರಿ, ಮೂರನೇ ದಿನಕ್ಕೆ ಮೆತ್ತಗೆ. ಕಜ್ಜಾಯ ಎಣ್ಣೆಗೆ ಬಿಟ್ಟ ತಕ್ಷಣ ಚೂರುಚೂರು. ಯಾಕೆ ಹೀಗಾಗುತ್ತೆ ಅಂತ ಕಾರಣ ಸಮೇತ ಹೇಳಿ. ಜೊತೆಗೆ ಮಕ್ಕಳ ಕೈಲಿ ಆಕಾಶಬುಟ್ಟಿ ಮಾಡಿಸಬೇಕು ಅಂತಿದೆ, ಬಾಲ್ಕನಿಗೆ ಎರಚಲು ಹೊಡೆಯುತ್ತೆ. ಅಂಗಡಿಯಲ್ಲಿ ಸಿಗುತ್ತೆ, ತಂದುಬಿಡಿ ಅನ್ನೋ ಸಲಹೆ ಮಾತ್ರ ಬೇಡ.

ಪಟ್ಟದಗೊಂಬೆ_ಮಲ್ಲೇಶ್ವರ

ನಿಮ್ಮ ಪಟ್ಟಿ ನೋಡಿದರೆ ಎಲ್ಲದರ ಹಿಂದೆ ಇರುವ ಕಾಟ ಒಂದೇ: ತೇವ. ಬೆಂಗಳೂರಿನಲ್ಲಿ ವರ್ಷದ ಜೋರು ಮಳೆ ಬೀಳುವುದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಹಬ್ಬಗಳು ಬರುವುದೂ ಆಗಲೇ. ಅಜ್ಜಿ ಬರೆಸಿದ ಅಳತೆ ಸರಿಯಾಗಿಯೇ ಇರುತ್ತೆ, ಹವೆ ಕೈಕೊಡುತ್ತೆ. ನಾನು ಗೊಂಬೆ ವಿಷಯ ಮಾತ್ರ ಹೇಳ್ತೀನಿ, ಅಡುಗೆಯವರು ಮುಂದೆ ಬರಲಿ.

ಐದು ಅಡಿ ಆಳ ಇದೆ ಅಂತ ಪೂರ್ತಿ ಮೆಟ್ಟಿಲಿಗೇ ಕೊಡಬೇಡಿ. ಒಂದೊಂದು ಮೆಟ್ಟಿಲು 10 ಇಂಚು ಆಳ, 8 ಇಂಚು ಎತ್ತರ ಇಟ್ಟುಕೊಂಡರೆ ಐದಕ್ಕೆ 50 ಇಂಚು. ಮುಂದೆ ಉಳಿಯುವ 10 ಇಂಚು ಶೆಟ್ಟಿ ಅಂಗಡಿಗೆ, ಪಾರ್ಕಿಗೆ. ಬೆಸಸಂಖ್ಯೆ ಇರಬೇಕು ಅನ್ನೋದು ರೂಢಿ, ಜಾಗ ಸಾಲದಿದ್ದರೆ ಮೂರಕ್ಕೆ ಇಳಿಸಿ. ಬೋಲ್ಟ್ ಹಾಕಿ ಜೋಡಿಸುವ ಸ್ಲಾಟೆಡ್ ಆ್ಯಂಗಲ್ ಸ್ಟ್ಯಾಂಡ್ ಆದರೆ ಗೋಡೆಯ ಹಂಗಿಲ್ಲ, ಬಿಚ್ಚಿ ಮಂಚದಡಿ ಇಡಬಹುದು. ಹಲಗೆಗೆ 18 ಮಿ.ಮೀ. ಪ್ಲೈವುಡ್ ತಗೊಳ್ಳಿ. 12 ಮಿ.ಮೀ. ಆದರೆ ನಾಲ್ಕು ಅಡಿ ಉದ್ದಕ್ಕೆ ನಡುವೆ ಒಂದು ಆಸರೆ ಬೇಕೇ ಬೇಕು. ಇಲ್ಲದಿದ್ದರೆ ಮಣ್ಣಿನ ಗೊಂಬೆಯ ಭಾರಕ್ಕೆ ಮಧ್ಯದಲ್ಲಿ ಬಾಗಿ, ಗೊಂಬೆಗಳೆಲ್ಲ ಒಂದಕ್ಕೊಂದು ವಾಲಿಕೊಂಡು ನಿಲ್ಲುತ್ತವೆ. ಸ್ಟ್ಯಾಂಡ್ ಮಾಡಿಸದೆ ಖಾಲಿ ಟ್ರಂಕ್, ಸೂಟ್‌ಕೇಸ್ ಪೇರಿಸಿಯೂ ಮಾಡಬಹುದು. ರಟ್ಟಿನ ಡಬ್ಬಿ ಮಾತ್ರ ಬೇಡ, ಈ ಹವೆಗೆ ಹತ್ತು ದಿನದಲ್ಲಿ ಮೆತ್ತಗಾಗಿ ಮೂಲೆ ಕುಸಿಯುತ್ತೆ.

ಬಟ್ಟೆಗೆ ಎಂಟು ಮೊಳದ ಬಿಳಿ ಪಂಚೆಯಷ್ಟು ಅನುಕೂಲದ್ದು ಬೇರೆ ಇಲ್ಲ. ಉದ್ದ ಸುಮಾರು 3.6 ಮೀಟರ್, ಅಗಲ 50 ಇಂಚು ಇರುತ್ತೆ. ನಿಮ್ಮ ನಾಲ್ಕು ಅಡಿ ಹಲಗೆಗೆ ಎರಡೂ ಕಡೆ ಒಂದೊಂದು ಇಂಚು ಇಳಿಬೀಳುತ್ತೆ, ಐದು ಮೆಟ್ಟಿಲಿಗೆ 90 ಇಂಚು, ಅಂದರೆ ಎರಡೂಕಾಲು ಮೀಟರ್ ಹೋಗಿ, ಮಿಕ್ಕಿದ್ದು ಹಿಂದಕ್ಕೂ ನೆಲಕ್ಕೂ ಸಾಕು. ಮೇಲಿನ ಹಲಗೆಯ ಹಿಂಭಾಗದಲ್ಲಿ ಕ್ಲಿಪ್ ಹಾಕಿ ಕೆಳಗಿಳಿಸುತ್ತಾ ಬನ್ನಿ. ಪ್ರತಿ ಮೆಟ್ಟಿಲಿನ ಒಳಮೂಲೆಗೆ ಮರದ ಸ್ಕೇಲಿನಿಂದ ಬಟ್ಟೆಯನ್ನು ಒತ್ತಿ ಕೂರಿಸಬೇಕು. ಬಿಗಿಯಾಗಿ ಎಳೆದರೆ ಮೂಲೆಯಲ್ಲಿ ಬಟ್ಟೆ ಸೇತುವೆ ಕಟ್ಟಿದ ಹಾಗೆ ಎದ್ದು ನಿಲ್ಲುತ್ತೆ, ಅದರ ಮೇಲೆ ಹಿಂಗಾಲು ಬಿದ್ದ ಗೊಂಬೆ ಮುಂದಕ್ಕೆ ಮಗುಚುತ್ತೆ.

ಮೇಲಿನ ಸಾಲಿಗೆ ಕಳಶ, ಪಟ್ಟದ ಗೊಂಬೆ. ಅದರ ಕೆಳಗೆ ದಶಾವತಾರ, ಆಮೇಲೆ ಮಿಕ್ಕ ಪುರಾಣದ್ದು, ಕೊನೆಗೆ ಊರು-ಮದುವೆ-ಸಂತೆ. ಶೆಟ್ಟಿ ಮುಂದೆ ಅಕ್ಕಿ, ಬೇಳೆ ಇಡಿ. ಬೆಲ್ಲ ಇಡುವುದಾದರೆ ರಾತ್ರಿ ಎತ್ತಿಡಿ, ಬೆಳಗಾಗುವಷ್ಟರಲ್ಲಿ ಇರುವೆ ಸಾಲು ಮೂರನೇ ಮೆಟ್ಟಿಲು ಹತ್ತಿರುತ್ತೆ.

ಬಣ್ಣ ಪುಡಿಯಾಗುವ ಗೊಂಬೆಗೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಅದು ನೀರಿನ ಬಣ್ಣ, ತೇವದಿಂದ ಅಂಟಿನ ಹಿಡಿತ ಹೋಗಿದೆ, ಒರೆಸಿದರೆ ಮೂಗು-ಕಣ್ಣು ಸಮೇತ ಬಟ್ಟೆಗೆ ಬರುತ್ತೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಆರ್ಟ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕ್ಲಿಯರ್ ಮ್ಯಾಟ್ ವಾರ್ನಿಶ್ ಸ್ಪ್ರೇಯನ್ನು ಒಂದಡಿ ದೂರದಿಂದ ತೆಳ್ಳಗೆ ಎರಡು ಸಲ ಹೊಡೆಯಿರಿ, ನಡುವೆ ಅರ್ಧ ಗಂಟೆ ಬಿಡುವು ಕೊಡಿ. ಹತ್ತಿರದಿಂದ ಹೊಡೆದರೆ ಹನಿಗಟ್ಟಿ ಬಣ್ಣ ಹರಿಯುತ್ತೆ. ಮಳೆ ಬರುತ್ತಿರುವಾಗ ಹೊಡೆದರೆ ಬೆಳ್ಳಗೆ ಮಂಜು ಮುಸುಕಿದಂತಾಗುತ್ತೆ, ಒಣ ಬಿಸಿಲಿನ ಮಧ್ಯಾಹ್ನ ನೋಡಿಕೊಳ್ಳಿ. ಕೈ-ಕಾಲು ಮುರಿದಿದ್ದರೆ ಎಂ-ಸೀಲ್‌ನಿಂದ ಕೂಡಿಸಿ, ಮಾರನೇ ದಿನ 220 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಅಕ್ರಿಲಿಕ್ ಬಣ್ಣ ಕೊಡಿ. ಮುಖಕ್ಕೆ ಹೊಸ ಬಣ್ಣ ಬಳಿಯೋ ಆಸೆ ಬೇಡ. ಹಳೇ ಕೈಕೆಲಸದ ಕಣ್ಣನ್ನು ತಿದ್ದಲು ಹೋದರೆ ಅದು ಬೇರೆಯೇ ಗೊಂಬೆ ಆಗಿಬಿಡುತ್ತೆ.

ಚನ್ನಪಟ್ಟಣದವಕ್ಕೆ ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಬಾರದು. ಆ ಹೊಳಪು ಅರಗಿನದು, ಸ್ಪಿರಿಟ್‌ಗೆ ಅರಗು ಕರಗುತ್ತೆ. ಒಣ ಹತ್ತಿ ಬಟ್ಟೆ ಸಾಕು. ಪಟ್ಟದ ಗೊಂಬೆಗೂ ಅಷ್ಟೇ, ಬೇಕಿದ್ದರೆ ಬೆರಳ ತುದಿಯಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಬಟ್ಟೆ ಉಡಿಸಿ.

ಪಾರ್ಕಿಗೆ ಹುಲ್ಲು ಬೇಕಲ್ಲ: ರಾಗಿ. ಎಂಟು ಗಂಟೆ ನೆನೆಸಿ, ಮಹಾಲಯ ಅಮಾವಾಸ್ಯೆಗೆ ಐದಾರು ದಿನ ಮುಂಚೆ ಟ್ರೇನಲ್ಲಿ ಒಂದಿಂಚು ತೆಂಗಿನ ನಾರಿನ ಪುಡಿ ಹರಡಿ ಮೇಲೆ ಉದುರಿಸಿ. ನೀರು ಸುರಿಯಬಾರದು, ಚಿಮುಕಿಸಬೇಕು. ಎರಡನೇ ದಿನ ಬೆಳ್ಳಗೆ ನವಿರು ಕಂಡರೆ ಬೂಷ್ಟು ಅಂತ ಎಸೆಯಬೇಡಿ. ನೀರು ಚಿಮುಕಿಸಿದಾಗ ಮಾಯವಾದರೆ ಅದು ಬೇರಿನ ಎಳೆ. ಮಾಯವಾಗದೆ ವಾಸನೆ ಬಂದರೆ ಮಾತ್ರ ಬೂಷ್ಟು.

ಒರಳುಕಲ್ಲು

ಚಕ್ಕುಲಿ, ಕಜ್ಜಾಯ ಎರಡಕ್ಕೂ ಹಿಟ್ಟಿನಿಂದಲೇ ಶುರು ಮಾಡಬೇಕು. ಚಕ್ಕುಲಿ ಹಿಟ್ಟು ಪೂರ್ತಿ ಒಣಗಿರಬೇಕು, ಕಜ್ಜಾಯದ ಹಿಟ್ಟು ಒದ್ದೆಯಾಗಿರಬೇಕು. ಒಂದೇ ದಿನ ಎರಡಕ್ಕೂ ಸೇರಿಸಿ ಅಕ್ಕಿ ತೊಳೆದು ಒಂದೇ ಹಿಟ್ಟು ಬೀಸಿಸುವವರು ಎರಡನ್ನೂ ಕೆಡಿಸಿಕೊಳ್ಳುತ್ತಾರೆ.

ಮೊದಲು ಚಕ್ಕುಲಿ. ಅಕ್ಕಿ ತೊಳೆದು, ಹಳೇ ಪಂಚೆ ಮೇಲೆ ಫ್ಯಾನ್ ಕೆಳಗೆ ಹರಡಿ. ಬಿಸಿಲಿದ್ದರೆ ಮೂರು ಗಂಟೆ, ಮೋಡವಿದ್ದರೆ ರಾತ್ರಿಯಿಡೀ ಬಿಡಿ. ಹಲ್ಲಿಗೆ ಹಾಕಿದರೆ ಕಟಕ್ ಅನ್ನಬೇಕು. ಮಿಲ್‌ನಲ್ಲಿ ಅಕ್ಕಿ ಬೀಸಿದವರ ಹಿಂದೆಯೇ ನಿಮ್ಮದು ಹಾಕಿಸಿ. ಗೋಧಿ ಅಥವಾ ರಾಗಿ ಬೀಸಿದ ಮೇಲೆ ಹಾಕಿಸಿದರೆ ಮೊದಲ ಕಾಲು ಕೆ.ಜಿ. ಬೆರಕೆ ಬರುತ್ತೆ, ಚಕ್ಕುಲಿ ಕೆಂಪಗೆ, ಗಡುಸಾಗುತ್ತೆ. ಬೀಸಿದ ಹಿಟ್ಟು ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಬಾರದು, ಮುಚ್ಚಳದ ಒಳಗೆ ಬೆವೆತು ಗಂಟುಕಟ್ಟುತ್ತೆ.

ಅಳತೆ: ಜರಡಿ ಹಿಡಿದ ಅಕ್ಕಿಹಿಟ್ಟು 4 ಲೋಟ, ಉದ್ದಿನಬೇಳೆ ಹಿಟ್ಟು 1 ಲೋಟ, ಬೆಣ್ಣೆ 60 ಗ್ರಾಂ (ಅಂದಾಜು 4 ದೊಡ್ಡ ಚಮಚ), ಉಪ್ಪು 2 ಟೀ ಚಮಚ, ಜೀರಿಗೆ, ಬಿಳಿ ಎಳ್ಳು, ನೀರಲ್ಲಿ ಕರಗಿಸಿದ ಇಂಗು. ಉದ್ದಿನಬೇಳೆಯನ್ನು ಸಣ್ಣ ಉರಿಯಲ್ಲಿ ನಸುಗೆಂಪು ಆಗುವವರೆಗೆ ಹುರಿಯಿರಿ. ಹಸಿ ಉಳಿದರೆ ಹಿಟ್ಟು ಲೋಳೆಯಾಗುತ್ತೆ, ಕರಿದಾಗ ಹಸಿವಾಸನೆ. ಬೆಣ್ಣೆಯನ್ನು ಒಣ ಹಿಟ್ಟಿಗೇ ಹಾಕಿ ಬೆರಳಲ್ಲಿ ತಿಕ್ಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಆಮೇಲೆ ಒಂದೂಮುಕ್ಕಾಲರಿಂದ ಎರಡು ಲೋಟ ನೀರು, ಸ್ವಲ್ಪಸ್ವಲ್ಪವಾಗಿ. ಪ್ಯಾಕೆಟ್ ಹಿಟ್ಟು ಇನ್ನೂ ಒಂದೆರಡು ಚಮಚ ಹೆಚ್ಚು ಕುಡಿಯುತ್ತೆ. ಎಲ್ಲವನ್ನೂ ಒಟ್ಟಿಗೆ ಕಲಸಿಡಬೇಡಿ, ಚಕ್ಕುಲಿ ಒತ್ತುವ ಒರಳಿಗೆ ಒಂದು ಸಲಕ್ಕೆ ಎಷ್ಟೋ ಅಷ್ಟು ಕಲಸಿ. ಕಾದು ಕೂತ ಹಿಟ್ಟು ಮೇಲ್ಮೈ ಒಣಗಿ, ಒತ್ತುವಾಗ ಎಳೆ ತುಂಡಾಗುತ್ತೆ.

ಏನಾದರೆ ಏನು ಕಾರಣ: ಒತ್ತುವಾಗಲೇ ಮುರಿದರೆ ನೀರು ಕಡಿಮೆ ಅಥವಾ ಹಿಟ್ಟು ತರಿ. ಎಣ್ಣೆಯಲ್ಲಿ ಬಿಚ್ಚಿಕೊಂಡರೆ ಬೆಣ್ಣೆ ಜಾಸ್ತಿ, ಒಂದು ಹಿಡಿ ಅಕ್ಕಿಹಿಟ್ಟು ಸೇರಿಸಿ. ಕಲ್ಲಿನಂತಾದರೆ ಬೆಣ್ಣೆ ಸಾಲದು. ಎಣ್ಣೆ ಕುಡಿದರೆ ಎಣ್ಣೆ ಕಾದಿರಲಿಲ್ಲ ಅಥವಾ ಹಿಟ್ಟು ನೀರಾಗಿತ್ತು. ಎಣ್ಣೆಯ ಹದ ನೋಡಲು ಸಾಸಿವೆಯಷ್ಟು ಹಿಟ್ಟು ಹಾಕಿ. ತಳಕ್ಕೆ ಹೋಗಿ ಎರಡು-ಮೂರು ಸೆಕೆಂಡಿಗೆ ಮೇಲೆ ಬರಬೇಕು, ಬಂದ ತಕ್ಷಣ ಕೆಂಪಾಗಬಾರದು. ಥರ್ಮಾಮೀಟರ್ ಇದ್ದರೆ 170 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ನಿಮ್ಮ ಮೂರನೇ ದಿನದ ಮೆತ್ತಗಿಗೆ ಕಾರಣ ಬಹುತೇಕ ಜೋರು ಉರಿ. ಹೊರಗೆ ಬಣ್ಣ ಬೇಗ ಬಂತು, ಒಳಗಿನ ನೀರು ಹೋಗಲಿಲ್ಲ. ಡಬ್ಬಿಯಲ್ಲಿ ಆ ನೀರು ಒಳಗಿನಿಂದ ಹೊರಗೆ ಬಂದು ಇಡೀ ಚಕ್ಕುಲಿ ಮೆತ್ತಗಾಗುತ್ತೆ. ಬಣ್ಣ ನೋಡಿ ತೆಗೆಯಬೇಡಿ, ನೊರೆ ನೋಡಿ ತೆಗೆಯಿರಿ. ಸುತ್ತಲಿನ ಗುಳ್ಳೆ ಪೂರ್ತಿ ನಿಂತು, ಸೊರಸೊರ ಸದ್ದು ಅಡಗಬೇಕು. ಮೊದಲ ಒಬ್ಬೆಯಲ್ಲಿ ಒಂದನ್ನು ಆರಿಸಿ ಮುರಿದು ನೋಡಿ. ನಡುವೆ ಬಿಳಿ ಗೆರೆಯ ಹಾಗೆ ಹಸಿ ಕಂಡರೆ ಮುಂದಿನ ಒಬ್ಬೆಗೆ ಉರಿ ತಗ್ಗಿಸಿ ಇನ್ನೊಂದು ನಿಮಿಷ ಬಿಡಿ. ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ. ಆರಲಿ ಅಂತ ರಾತ್ರಿಯೆಲ್ಲ ತೆರೆದಿಟ್ಟರೆ ಈ ಹವೆಯ ತೇವವನ್ನು ಅದೇ ಎಳೆದುಕೊಳ್ಳುತ್ತೆ, ಒಂದೂವರೆ-ಎರಡು ಗಂಟೆ ಸಾಕು. ಈಗಾಗಲೇ ಮೆತ್ತಗಾಗಿದ್ದರೆ ಓವನ್‌ನಲ್ಲಿ 120 ಡಿಗ್ರಿಗೆ ಹತ್ತು ನಿಮಿಷ, ಇಲ್ಲವೇ ದಪ್ಪ ತಳದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿ.

ಈಗ ಕಜ್ಜಾಯ. ಇದನ್ನು ನಿಧಾನಕ್ಕೆ ಓದಿ.

ದೋಸೆಗೆ ಬಳಸುವ ಮಾಮೂಲಿ ಅಕ್ಕಿ 1 ಕೆ.ಜಿ. ತಗೊಳ್ಳಿ, ಕುಸುಬಲಕ್ಕಿ ಬೇಡ, ಬಾಸ್ಮತಿ ಬೇಡ. ಒಂದು ದಿನ ಪೂರ್ತಿ ನೆನೆಯಲಿ, ನಡುವೆ ಎರಡು ಸಲ ನೀರು ಬದಲಿಸಿ. ಬಸಿದು ಬಟ್ಟೆ ಮೇಲೆ ನೆರಳಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ. ಕಾಳು ಮುಟ್ಟಿದರೆ ತಣ್ಣಗಿರಬೇಕು, ಅಂಗೈಗೆ ನೀರು ಹತ್ತಬಾರದು. ಆ ಹದದಲ್ಲಿ ಬೀಸಿ ಜರಡಿ ಹಿಡಿಯಿರಿ. ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು. ಒಣಗದಂತೆ ಒದ್ದೆ ಬಟ್ಟೆ ಮುಚ್ಚಿಡಿ. ಒದ್ದೆ ಹಿಟ್ಟೇ ಯಾಕೆ ಅಂದರೆ, ಬಿಸಿ ಪಾಕ ಬಿದ್ದಾಗ ಅದು ಅರೆಬೆಂದು ಅಂಟಾಗುತ್ತೆ. ಒಣ ಹಿಟ್ಟು ಪಾಕದ ಜೊತೆ ಬರೀ ಕಲೆತುಕೊಂಡಿರುತ್ತೆ, ಎಣ್ಣೆಗೆ ಬಿಟ್ಟಾಗ ಬೆಲ್ಲ ಒಂದು ಕಡೆ, ಹಿಟ್ಟು ಒಂದು ಕಡೆ.

ಬೆಲ್ಲ 750 ಗ್ರಾಂ. ಗಾಢ ಬಣ್ಣದ್ದು ಆರಿಸಿ. ನಿಂಬೆ ಬಣ್ಣಕ್ಕೆ ತಿರುಗಿರುವ, ನಾಲಿಗೆಗೆ ಉಪ್ಪುಪ್ಪು ಅನ್ನಿಸುವ ಬೆಲ್ಲದ ಪಾಕ ನಿಲ್ಲಲ್ಲ. ಒಂದು ಲೋಟ ನೀರಿನಲ್ಲಿ ಕರಗಿಸಿ, ಮರಳು ಹೋಗಲು ಸೋಸಿ, ಮತ್ತೆ ಒಲೆಗೆ. ಪಕ್ಕದಲ್ಲಿ ತಟ್ಟೆ ನೀರು ಇರಲಿ. ಮೊದಲು ತೊಟ್ಟು ಹಾಕಿದರೆ ಹರಡಿ ಕರಗುತ್ತೆ. ಆಮೇಲೆ ಹಾಕಿದ ಜಾಗದಲ್ಲೇ ನಿಲ್ಲುತ್ತೆ, ಆದರೆ ಎತ್ತಲು ಬರಲ್ಲ. ಬೆರಳಿಂದ ಗುಡ್ಡೆ ಮಾಡಿದಾಗ ಮೆತ್ತನೆ ಉಂಡೆಯಾಗಿ ಎದ್ದು ಬಂದು, ಎರಡು ಬೆರಳ ನಡುವೆ ಚಪ್ಪಟೆಯಾದರೆ ಅದೇ ಹದ, ಒಲೆ ಆರಿಸಿ. ತಟ್ಟೆಗೆ ಎಸೆದರೆ ಟಣ್ ಅಂದರೆ ಅದು ಚಿಕ್ಕಿ ಪಾಕ, ಕಜ್ಜಾಯಕ್ಕಲ್ಲ. ಈ ಎರಡರ ನಡುವೆ ಒಂದೆರಡು ನಿಮಿಷವಷ್ಟೇ ಅಂತರ, ಹಾಗಾಗಿ ಫೋನ್ ಬಂದರೆ ಎತ್ತಬೇಡಿ.

ಏಲಕ್ಕಿ, ಎರಡು ಚಮಚ ಗಸಗಸೆ, ಒಂದು ಚಮಚ ಎಳ್ಳು ಹಾಕಿ, ಹಿಟ್ಟನ್ನು ನಾಲ್ಕೈದು ಕಂತಿನಲ್ಲಿ ಸುರಿಯುತ್ತಾ ತಿರುವಿ. ಎಲ್ಲ ಹಿಟ್ಟೂ ಒಳಗೆ ಹೋಗಲೇಬೇಕು ಅಂತ ಇಲ್ಲ. ಮುದ್ದೆಗಿಂತ ಸಡಿಲ, ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರುವಾಗ ನಿಲ್ಲಿಸಿ, ಆರುತ್ತಾ ಗಟ್ಟಿಯಾಗುತ್ತೆ. ಮೇಲೆ ತುಪ್ಪ ಸವರಿ ಮುಚ್ಚಿಡಿ, ಕನಿಷ್ಠ ಒಂದು ರಾತ್ರಿ, ಎರಡು ದಿನವಾದರೆ ಇನ್ನೂ ಒಳ್ಳೆಯದು.

ಕರಿಯುವಾಗ ಮೊದಲು ಒಂದೇ ಒಂದು ಬಿಟ್ಟು ನೋಡಿ. ತುಪ್ಪ ಸವರಿದ ಬಾಳೆಲೆ ಮೇಲೆ ಕಾಲು ಇಂಚು ದಪ್ಪ ತಟ್ಟಿ, ಸಣ್ಣಕ್ಕಿಂತ ತುಸು ಮೇಲಿನ ಉರಿಯಲ್ಲಿ ಕರಿಯಿರಿ. ಬಿಚ್ಚಿಕೊಂಡರೆ ಪಾಕ ಎಳೆಯದು: ಎತ್ತಿಟ್ಟ ಒದ್ದೆ ಹಿಟ್ಟು ಒಂದೆರಡು ಹಿಡಿ ಸೇರಿಸಿ, ನಾದಿ, ಎರಡು ಗಂಟೆ ಬಿಡಿ. ಬಿರುಕು ಬಿಟ್ಟು ಗಟ್ಟಿಯಾದರೆ ಪಾಕ ಏರಿದೆ: ಬಿಸಿ ಹಾಲು ಒಂದೊಂದೇ ಚಮಚ ಹಾಕಿ ನಾದಿ. ಪುಟ್ಟಬಾಳೆ ಒಂದು ಕಿವುಚಿ ಹಾಕಿದರೂ ಆಗುತ್ತೆ, ಆದರೆ ಆ ಕಜ್ಜಾಯ ಎರಡು-ಮೂರು ದಿನದಲ್ಲೇ ತಿಂದು ಮುಗಿಸಬೇಕು. ಎಣ್ಣೆಯಿಂದ ತೆಗೆದ ತಕ್ಷಣ ಎರಡು ಚಪ್ಪಟೆ ಜಾಲರಿಗಳ ನಡುವೆ ಒತ್ತಿ ಎಣ್ಣೆ ಇಳಿಸಿ. ಆರಿದ ಮೇಲೆ ಒತ್ತಿದರೆ ಎಣ್ಣೆ ಬರಲ್ಲ, ಕಜ್ಜಾಯ ಮುರಿಯುತ್ತೆ.

ಪುಟಾಣಿ_ರಾಜಾಜಿನಗರ

ಒರಳುಕಲ್ಲು ಅವರೇ, ಚಕ್ಕುಲಿಗೆ ಉದ್ದು ಒಂದೇ ದಾರಿ ಅನ್ನೋ ಹಾಗೆ ಬರೆದಿದ್ದೀರಿ. 4 ಲೋಟ ಅಕ್ಕಿಹಿಟ್ಟಿಗೆ ಅರ್ಧ ಲೋಟ ಉದ್ದು, ಅರ್ಧ ಲೋಟ ಹುರಿಗಡಲೆ ಹಿಟ್ಟು ಹಾಕಿದರೆ ಹಲ್ಲಿಗೆ ಇನ್ನೂ ಹಗುರ. ಹುರಿಗಡಲೆ ಒಂದು ಲೋಟ ದಾಟಿದರೆ ಎಣ್ಣೆ ಕುಡಿಯುತ್ತೆ, ಅದು ನಿಜ. ಬಹಳ ದಿನ ಇಡಬೇಕಾದರೆ ನಿಮ್ಮ ಅಳತೆ, ನಾಲ್ಕೇ ದಿನಕ್ಕೆ ಮುಗಿಯುವ ಮನೆಗೆ ನನ್ನದು. ಮತ್ತೆ ಕಜ್ಜಾಯದ ಅಕ್ಕಿ ಒಂದೇ ದಿನ ನೆನೆಸೋದು ಅವಸರದ್ದು. ನಮ್ಮ ಕಡೆ ಮೂರು ದಿನ, ದಿನಕ್ಕೊಮ್ಮೆ ನೀರು ಬದಲಿಸಿ. ಹಿಟ್ಟು ಬೆಣ್ಣೆಯಂತೆ ನುಣ್ಣಗೆ ಬರುತ್ತೆ.

ಒರಳುಕಲ್ಲು

ಮೂರು ದಿನದ್ದು ರುಚಿಯಲ್ಲಿ ಮೇಲು, ಒಪ್ಪಿದೆ. ಆದರೆ ನೀರು ಬದಲಿಸುವುದು ಒಂದು ಸಲ ತಪ್ಪಿದರೂ ಹುಳಿವಾಸನೆ ಹಿಟ್ಟಿಗೆ ಇಳಿಯುತ್ತೆ. ಮೊದಲ ಸಲ ಮಾಡುವವರಿಗೆ ಒಂದು ದಿನದ್ದೇ ಹೇಳ್ತೀನಿ.

ಬುಟ್ಟಿ_ಧಾರವಾಡ_ಈಗ_ವಿಜಯನಗರ

ಆಕಾಶಬುಟ್ಟಿಗೆ ಯಾರೂ ಕೈ ಹಚ್ಚಿಲ್ಲ, ನಾ ಹೇಳ್ತೀನ್ರಿ. ಭಾಳ ಸರಳ ಐತಿ: ಆರು ಚೌಕ ಮಾಡ್ರಿ, ಮೂಲಿಗೆ ಮೂಲಿ ಕಟ್ರಿ, ಬುಟ್ಟಿ ತಾನ ಆಗತೈತಿ.

ಬಿದಿರಿನ ಕಡ್ಡಿ 24 ಬೇಕು, ಎಲ್ಲಾ 8 ಇಂಚು, ದಪ್ಪ 3-4 ಮಿ.ಮೀ. ಮೇದರ ಅಂಗಡ್ಯಾಗ ಸೀಳಿ ಕೊಡ್ತಾರ. ಊದಿನಕಡ್ಡಿ ಸಾಲಂಗಿಲ್ಲ, ತೆಂಗಿನ ಕಡ್ಡಿ ಬಾಗತೈತಿ. ಉದ್ದದಾಗ ಒಂದೆರಡು ನೂಲು ಫರಕ್ ಆದ್ರೂ ಕಡೀಗೆ ಬುಟ್ಟಿ ಸೊಟ್ಟ ಆಗತೈತಿ, ಅದಕ್ಕ ಒಂದು ಕಡ್ಡಿ ಅಳತಿಗೆ ಇಟ್ಕೊಂಡು ಉಳಿದದ್ದೆಲ್ಲಾ ಅದರ ಮ್ಯಾಲೆ ಇಟ್ಟು ಕತ್ತರಿಸ್ರಿ. ನಾಲ್ಕು ನಾಲ್ಕು ಕಡ್ಡಿ ಕೂಡಿಸಿ ಆರು ಚೌಕ. ಮೂಲಿಗೆ ದಾರ ಎಂಟರ ಆಕಾರದಾಗ ಸುತ್ತಿ, ಗಂಟಿನ ಮ್ಯಾಲೆ ಒಂದು ಹನಿ ಫೆವಿಕಾಲ್ ಬಿಟ್ಟು, ರಾತ್ರಿ ಒಣಗಲಿಕ್ಕೆ ಬಿಡ್ರಿ.

ಜೋಡಸೂದು ಹಿಂಗ: ಒಂದು ಚೌಕ ನೆಲದ ಮ್ಯಾಲೆ ಮಲಗಸ್ರಿ. ಉಳಿದ ನಾಲ್ಕು ಚೌಕ ತುದಿ ಮ್ಯಾಲೆ ನಿಂದರಿಸಿ, ಒಂದೊಂದರ ಕೆಳತುದಿ ನೆಲದ ಚೌಕದ ಒಂದೊಂದು ಮೂಲಿಗೆ ಕಟ್ರಿ. ಬಾಜೂ ತುದಿಗಳನ್ನ ಒಂದಕ್ಕೊಂದು ಕಟ್ರಿ. ಆರನೇ ಚೌಕ ಮ್ಯಾಲಿಟ್ಟು ನಾಲ್ಕು ಮೇಲ್ತುದಿಗೆ ಕಟ್ರಿ. ನಡುವ ಎಂಟು ತ್ರಿಕೋನದ ಕಿಂಡಿ ತಾವ ಮೂಡತಾವ. ಎಲ್ಲಾ ಕಟ್ಟಿದ ಮ್ಯಾಲೆ ಹನ್ನೆರಡು ಮೂಲಿ ಇರಬೇಕು, ಒಂದೊಂದ್ರಾಗ ನಾಲ್ಕು ಕಡ್ಡಿ. ಮೂರು ಕಂಡ್ರ ಎಲ್ಲೋ ಒಂದು ಗಂಟು ಬಿಟ್ಟೀರಿ.

ಕಾಗದ ನಾಲ್ಕು ಬಾಜೂ ಚೌಕಕ್ಕ, ಎಂಟು ತ್ರಿಕೋನಕ್ಕ ಮಾತ್ರ. ಚೌಕಕ್ಕ 9 ಇಂಚಿನ ತುಂಡು, ಸುತ್ತಲೂ ಅರ್ಧ ಇಂಚು ಮಡಚಿ ಅಂಟಸಲಿಕ್ಕೆ. ಮ್ಯಾಲಿನ ಚೌಕ ತೆರದಿರಬೇಕು, ಬಿಸಿ ಹೋಗಲಿಕ್ಕೆ. ಕೆಳಗಿಂದೂ ತೆರದಿರಲಿ, ಬಲ್ಬ್ ಹಾಕಲಿಕ್ಕೆ ಕೈ ಹೋಗಬೇಕಲ್ಲ. ಬಾಲಂಗೋಚಿ ಕೆಳಗಿನ ಕಡ್ಡಿಗೆ ಹಚ್ಚಿದ್ರ ಸಾಕು.

ಇನ್ನ ಮಳಿ. ಪತಂಗದ (ಗಾಳಿಪಟದ) ಕಾಗದ ಬೆಳಕಿಗೆ ಚಂದ, ಒಂದ ಎರಚಲಿಗೆ ಹರೀತೈತಿ. ಕ್ರೇಪ್ ಪೇಪರ್ ಅಂತೂ ಬಣ್ಣ ಬಿಡತೈತಿ, ಕೆಳಗಿನ ಮನಿಯವರು ಒಣಾ ಹಾಕಿದ ಅರಿವಿ ಮ್ಯಾಲೆ ಗುಲಾಬಿ ಹನಿ ಬಿದ್ರ ಹಬ್ಬದ ದಿನ ಜಗಳ. ನಿಮ್ಮ ಬಾಲ್ಕನಿಗೆ ತೆಳ್ಳನ ಬಣ್ಣದ ಹತ್ತಿ ಅರಿವಿ, ಇಲ್ಲಾ ಜಿಲೆಟಿನ್ ಪೇಪರ್ ಹಚ್ರಿ. ಜಿಲೆಟಿನ್ ಪೇಪರ್‌ಗೆ ಫೆವಿಕಾಲ್ ಹಿಡಿಯಂಗಿಲ್ಲ, ಪಾರದರ್ಶಕ ಟೇಪ್ ಬೇಕು. ಮೈದಾ ಅಂಟು ಹಚ್ಚಬ್ಯಾಡ್ರಿ, ಬೂಸರು ಬರತೈತಿ, ಜಿರಳಿ ತಿಂತಾವ.

ಒಳಗ 5 ಇಲ್ಲಾ 7 ವ್ಯಾಟ್ ಎಲ್‌ಇಡಿ. ಹಳೇ 60 ವ್ಯಾಟ್ ಬಲ್ಬ್ ಹಾಕಿದ್ರ ಕಾಗದ ಕರಕಾಗತೈತಿ, ದೀಪ-ಮೇಣದಬತ್ತಿ ಅಂತೂ ಕೇಳಲೇ ಬ್ಯಾಡ್ರಿ. ಬುಟ್ಟಿ ಭಾರ ವೈರ್ ಮ್ಯಾಲೆ ಬೀಳಬಾರದು, ನೈಲಾನ್ ಹಗ್ಗ ಬ್ಯಾರೆ ಕಟ್ರಿ. ವೈರ್ ಹೋಲ್ಡರ್ ಒಳಗ ಹೋಗೋ ಮುಂಚೆ ಒಂದು ಗೇಣು ಕೆಳಗ ಇಳಿದು ಮತ್ತ ಮ್ಯಾಲೆ ಏರೂ ಹಂಗ ಬಾಗು ಬಿಡ್ರಿ. ವೈರ್ ಗುಂಟ ಇಳಿದು ಬಂದ ನೀರು ಆ ಬಾಗಿನಾಗ ತೊಟ್ಟಿಕ್ಕಿ ಕೆಳಗ ಬೀಳತೈತಿ, ಹೋಲ್ಡರ್ ಒಳಗ ಹೋಗಂಗಿಲ್ಲ. ವೈರ್ ಜೋಡಣಿ ಮನಿ ಒಳಗ ಇರಲಿ, ಬಾಲ್ಕನ್ಯಾಗ ಟೇಪ್ ಸುತ್ತಿ ಬಿಡಬ್ಯಾಡ್ರಿ.

ದೊನ್ನೆ

ಚರ್ಪಿನ ಲೆಕ್ಕ: ಒಣ ಕಡಲೆಕಾಳು 1 ಕೆ.ಜಿ. ಬೆಂದಾಗ ಎರಡು ಕೆ.ಜಿ. ದಾಟುತ್ತೆ. ಒಂದು ತೆಂಗಿನಕಾಯಿ ತುರಿ ಸೇರಿದರೆ ನಲವತ್ತು ಸಣ್ಣ ದೊನ್ನೆಗೆ ಸಾಕು. ರಾತ್ರಿಯಿಡೀ ನೆನೆಯಬೇಕು. 5 ಲೀಟರ್ ಕುಕ್ಕರ್ ಆದರೆ ಎರಡು ಸಲ ಬೇಯಿಸಿ, ನಾಲ್ಕು ವಿಷಲ್. ಹೆಸರುಕಾಳು ಐದು ಗಂಟೆ ನೆನೆದರೆ ಒಂದು ವಿಷಲ್ ಸಾಕು, ಎರಡಾದರೆ ಪಾಯಸ. ಕಡಲೆಬೇಳೆಯನ್ನು ಕುಕ್ಕರ್‌ಗೇ ಹಾಕಬೇಡಿ, ಒಂದು ಗಂಟೆ ನೆನೆಸಿ ಪಾತ್ರೆಯಲ್ಲಿ ಬೇಯಿಸಿ, ಬೆರಳಲ್ಲಿ ಒತ್ತಿದರೆ ಒಡೆಯುವಾಗ ಬಸಿಯಿರಿ. ಬಸಿದ ನೀರು ಚೆಲ್ಲಬೇಡಿ, ಸಾರಿಗಾಗುತ್ತೆ.

ಉಸಲಿ ಸಂಜೆ ಹೊತ್ತಿಗೆ ಹಳಸೋದು ಕಾಯಿಯಿಂದ. ಒಗ್ಗರಣೆ ಮಧ್ಯಾಹ್ನವೇ ಮಾಡಿಡಿ. ಕಾಯಿತುರಿ, ನಿಂಬೆರಸ ಮಕ್ಕಳು ಬರುವ ಅರ್ಧ ಗಂಟೆ ಮುಂಚೆ. ಕಾಳಿನಲ್ಲಿ ನೀರು ಉಳಿದಿದ್ದರೆ ದೊನ್ನೆಯ ತಳ ಸೋರಿ ಗೊಂಬೆ ಮುಂದಿನ ರಂಗೋಲಿ ಹಾಳು, ಬಾಣಲೆಯಲ್ಲಿ ಚೆನ್ನಾಗಿ ಬಾಡಿಸಿ ಇಳಿಸಿ.

ಜೆಪಿನಗರ_ಏಳನೇಹಂತ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರೇ ಪ್ರಶ್ನೆ ಉಳಿದಿದೆ. ಮಿಲ್‌ನವರು ಒದ್ದೆ ಅಕ್ಕಿ ಹಾಕಲ್ಲ ಅಂತಾರೆ, ಕಜ್ಜಾಯಕ್ಕೆ ಮಿಕ್ಸಿ ನಡೆಯುತ್ತಾ? ಪಾಕದ ಹಿಟ್ಟು ಎಷ್ಟು ದಿನ ಇಡಬಹುದು? ಮತ್ತೆ ಪಟ್ಟದಗೊಂಬೆ ಅವರೇ, ಹಬ್ಬ ಮುಗಿದ ಮೇಲೆ ಗೊಂಬೆ ಕಟ್ಟಿಡುವುದು ಹೇಗೆ? ಊರಲ್ಲಿ ಪೇಪರ್ ಸುತ್ತಿ ಪ್ಲಾಸ್ಟಿಕ್ ಕವರ್‌ಗೆ ಹಾಕಿಡ್ತಿದ್ದರು.

ಒರಳುಕಲ್ಲು

ಮಿಕ್ಸಿ ನಡೆಯುತ್ತೆ. ಒಂದು ಸಲಕ್ಕೆ ಒಂದೇ ಲೋಟ ಅಕ್ಕಿ, ನಿಲ್ಲಿಸಿ ನಿಲ್ಲಿಸಿ ತಿರುವಿ. ಒಂದೇ ಸಮ ಓಡಿಸಿದರೆ ಜಾರ್ ಬಿಸಿಯಾಗಿ ಹಿಟ್ಟು ಅಂಚಿಗೆ ಮೆತ್ತಿಕೊಳ್ಳುತ್ತೆ. ಜರಡಿಯಲ್ಲಿ ಉಳಿದ ತರಿಯನ್ನು ಮುಂದಿನ ಸುತ್ತಿಗೆ ಸೇರಿಸಿ, ಕೊನೆಯಲ್ಲಿ ಉಳಿದದ್ದು ದೋಸೆಗೆ. ತರಿ ಒಳಗೆ ಹೋದರೂ ಕಜ್ಜಾಯ ಬಿಚ್ಚಿಕೊಳ್ಳುತ್ತೆ, ಪಾಕವನ್ನೇ ದೂರಬೇಡಿ.

ಪಾಕದ ಹಿಟ್ಟು ಹೊರಗೆ ಮೂರು ದಿನ. ಆಮೇಲೆ ಫ್ರಿಡ್ಜ್‌ನಲ್ಲಿ ಒಂದು ವಾರ, ಕರಿಯುವ ಎರಡು ಗಂಟೆ ಮುಂಚೆ ತೆಗೆದಿಡಿ. ತಣ್ಣಗಿರುವಾಗ ತಟ್ಟಿದರೆ ಅಂಚು ಸೀಳುತ್ತೆ. ನರಕ ಚತುರ್ದಶಿ ಬೆಳಗ್ಗೆ ಎಣ್ಣೆಸ್ನಾನದ ಗಡಿಬಿಡಿಯಲ್ಲಿ ಕರಿಯೋ ಯೋಚನೆ ಬೇಡ, ನೀರು ತುಂಬುವ ಹಬ್ಬದ ಮಧ್ಯಾಹ್ನವೇ ಮುಗಿಸಿ. ಕಜ್ಜಾಯ ಮಾರನೇ ದಿನಕ್ಕೇ ರುಚಿ.

ಪಟ್ಟದಗೊಂಬೆ_ಮಲ್ಲೇಶ್ವರ

ಪ್ಲಾಸ್ಟಿಕ್ ಕವರ್‌ನಿಂದಲೇ ನಿಮ್ಮ ಬಣ್ಣ ಪುಡಿಯಾಗಿರೋದು. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲ. ನ್ಯೂಸ್‌ಪೇಪರ್ ಮಸಿ ಬಿಡುತ್ತೆ, ಬಿಳಿ ಗೊಂಬೆಯ ಬೆನ್ನಲ್ಲಿ ಜಾಹೀರಾತು ಓದಬಹುದು.

ವಿಜಯದಶಮಿ ರಾತ್ರಿ ಆರತಿ ಆದ ಮೇಲೆ ಒಂದು ಗೊಂಬೆಯನ್ನು ಮಲಗಿಸಿ ಶಾಸ್ತ್ರ ಮುಗಿಸಿ. ಮಿಕ್ಕಿದ್ದನ್ನು ಮಾರನೇ ದಿನವೇ ಕಟ್ಟಬೇಕು ಅಂತ ಅವಸರ ಪಡಬೇಡಿ, ಒಣ ದಿನ ಬರಲಿ. ಮಧ್ಯಾಹ್ನ ಹನ್ನೊಂದರಿಂದ ಮೂರರೊಳಗೆ, ಫ್ಯಾನ್ ಹಾಕಿ, ಧೂಳು ಕೊಡವಿ, ತೊಳೆದು ಒಣಗಿಸಿದ ಹಳೇ ಪಂಚೆ ತುಂಡಿನಲ್ಲಿ ಒಂದೊಂದನ್ನೂ ಸುತ್ತಿ. ಹೊಸ ಬಟ್ಟೆ ಬೇಡ, ಗಂಜಿ ಇರುತ್ತೆ, ಹುಳು ಬರುತ್ತೆ. ಮೂಗು, ಕೈಯಂಥ ಚಾಚಿದ ಭಾಗಕ್ಕೆ ಮೊದಲು ಹತ್ತಿ ಇಟ್ಟು ಆಮೇಲೆ ಬಟ್ಟೆ ಸುತ್ತಬೇಕು. ಭಾರದ್ದು ಟ್ರಂಕಿನ ತಳಕ್ಕೆ, ಮಲಗಿಸಿ ಇಡಿ, ನಿಲ್ಲಿಸಬೇಡಿ.

ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ವರ್ಷವಿಡೀ ಕೂಡಿಟ್ಟುಕೊಂಡು ನಾಲ್ಕು ಮೂಲೆಗೆ ಹಾಕಿ. ಹುಳುವಿಗೆ ಒಣಗಿದ ಬೇವಿನೆಲೆ ಅಥವಾ ಲವಂಗದ ಗಂಟು. ಹಸಿ ಎಲೆ ಹಾಕಿದರೆ ಅದೇ ತೇವ ಕೊಡುತ್ತೆ. ನುಸಿಗುಳಿಗೆ ಹಾಕಲೇಬೇಕಾದರೆ ಬಟ್ಟೆಯಲ್ಲಿ ಕಟ್ಟಿ ಮುಚ್ಚಳಕ್ಕೆ ಅಂಟಿಸಿ, ಬಣ್ಣಕ್ಕೆ ತಾಗಬಾರದು. ಟ್ರಂಕನ್ನು ಬಚ್ಚಲುಮನೆಯ ಗೋಡೆಗೆ ಒತ್ತಿ ಇಡಬೇಡಿ, ಕೆಳಗೆ ಎರಡು ಮರದ ಪಟ್ಟಿ ಕೊಟ್ಟು ನೆಲದಿಂದ ಮೇಲಿರಿಸಿ. ಸಂಕ್ರಾಂತಿ ಆದ ಮೇಲೆ ಒಂದು ಒಣ ದಿನ ಮುಚ್ಚಳ ತೆರೆದು ಒಂದು ಗಂಟೆ ಗಾಳಿಯಾಡಿಸಿ. ಕಟ್ಟುವ ಮುಂಚೆ ಮೆಟ್ಟಿಲು ಮೆಟ್ಟಿಲಾಗಿ ಫೋಟೋ ತೆಗೆದುಕೊಂಡರೆ, ಮುಂದಿನ ವರ್ಷ ಮತ್ಸ್ಯ ಎಲ್ಲಿ, ಕೂರ್ಮ ಎಲ್ಲಿ ಅಂತ ಹುಡುಕೋ ಕೆಲಸ ಇರಲ್ಲ.